ಗಂಟಲು ಕಟ್ಟಿದ ದಿನ

"ನಿಮ್ಮ ಹೆಸರು ಇದ್ರಲ್ಲೂ ಇದೆ ಸಾರ್," ಎಂದು ಪ್ರಮೀಳಾ ಕೈಚೀಲದಿಂದ ಹಳೆಯ ಡೈರಿಯೊಂದನ್ನು ತೆಗೆದಾಗ ವಾದಿರಾಜ ಕನ್ನಡಕ ಸರಿಮಾಡಿಕೊಂಡ.

ದೇವಪ್ರಿಯ ಮೇಷ್ಟ್ರು ತೀರಿಕೊಂಡು ಬರುವ ಭಾನುವಾರಕ್ಕೆ ವರ್ಷ ತುಂಬುತ್ತಿತ್ತು. ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ನೆನಪಿನ ಪುಸ್ತಕ ತರುತ್ತಿದ್ದರು. ಅದರ ಕರಡು ಹಿಡಿದು ಮೇಷ್ಟ್ರ ಮಗಳು ಪ್ರಮೀಳಾ ಬೆಳಗಿನ ಬಸ್ಸಿಗೇ ಕುಣಿಗಲ್ಲಿನಿಂದ ತುಮಕೂರಿಗೆ ಬಂದಿದ್ದಳು. ಮುಖ್ಯ ಲೇಖನ ವಾದಿರಾಜನದು. ಅವನಿಗಿಂತ ತಕ್ಕವರು ಯಾರು? ಕಾಲೇಜಿನಲ್ಲಿ ಇತಿಹಾಸ ಹೇಳುವವನು, ಚಾರಿತ್ರಿಕ ಯೇಸುವಿನ ಬಗ್ಗೆ ಪುಸ್ತಕವನ್ನೇ ಬರೆದವನು. ಯೇಸು ಸತ್ತು ನಲವತ್ತು ವರ್ಷವಾದ ಮೇಲೆ ಶಿಷ್ಯರ ಕಡೆಯವರು ಬರೆದಿಟ್ಟದ್ದರಲ್ಲಿ ಭಕ್ತಿ ಹಚ್ಚಿದ ಬಣ್ಣ ಯಾವುದು, ನಿಜವಾಗಿ ನಡೆದದ್ದು ಯಾವುದು ಎಂದು ತಾಸುಗಟ್ಟಲೆ ಹೇಳಬಲ್ಲ. ಅವನ ಮೆಚ್ಚಿನ ಉದಾಹರಣೆ ಪೇತ್ರ, ಗುರುವನ್ನು ಹಿಡಿದೊಯ್ದ ರಾತ್ರಿ ತನಗೆ ಆತ ಗೊತ್ತೇ ಇಲ್ಲವೆಂದು ಮೂರು ಸಲ ಹೇಳಿದ ಶಿಷ್ಯ. "ಇದು ನಡೆದೇ ಇರ್ಬೇಕು," ಎನ್ನುತ್ತಿದ್ದ ತರಗತಿಯಲ್ಲಿ. "ತಮ್ಮ ಹಿರಿಯನ ಮಾನ ತಾವೇ ಕಳೆಯೋ ಕಥೆ ಯಾರೂ ಕಟ್ಟಲ್ಲ."

ಆದರೆ ತನ್ನ ಲೇಖನದಲ್ಲಿ ಅವನು ಗುಬ್ಬಿಯ ಶಾಲೆಯಲ್ಲಿ ಮೇಷ್ಟ್ರ ಮೇಲೆ ನಡೆದ ವಿಚಾರಣೆಯನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದ: 'ಕಾರಣಾಂತರಗಳಿಂದ ಮೇಷ್ಟ್ರು ಗುಬ್ಬಿ ಬಿಡಬೇಕಾಯಿತು.' ಜಾಗ ಸಾಲದು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಕಳ್ಳನಿಗೊಂದು ಪಿಳ್ಳೆ ನೆವ.

"ಊರು ಬಿಟ್ಟಾಗ ನಾನಿನ್ನೂ ಅಮ್ಮನ ಸೊಂಟದ ಮೇಲಿದ್ದೆ," ಎಂದಳು ಪ್ರಮೀಳಾ. "ಮನೆಪಾಠದ ನೆಪದಲ್ಲಿ ಹುಡುಗ್ರನ್ನ ಮತಾಂತರ ಮಾಡ್ತಾರೆ ಅಂತ ಯಾರೋ ಅರ್ಜಿ ಹಾಕಿದ್ರಂತೆ. ಅದನ್ನೊಂದು ಸರಿಯಾಗಿ ಬರೀರಿ ಸಾರ್. ಆವತ್ತು ಅಲ್ಲಿದ್ದೋರಲ್ಲಿ ಈಗ ಉಳ್ದಿರೋರು ನೀವೊಬ್ರೇ."

ವಾದಿರಾಜನಿಗೆ ಆಗ ಹದಿನೈದು. ಮೂರು ವರ್ಷ ಸಂಜೆಯ ಪಾಠ ಮೇಷ್ಟ್ರ ಮನೆಯಲ್ಲೇ, ಅವರ ಹೆಂಡತಿ ಬಡಿಸಿದ ಉಪ್ಪಿಟ್ಟೂ ಅಲ್ಲೇ. ಪ್ರಾರ್ಥನೆಯ ಮಾತು ಒಂದು ದಿನವೂ ಬಂದಿರಲಿಲ್ಲ. ಅದನ್ನು ಹೇಳಲೆಂದೇ ಮೇಷ್ಟ್ರು ಸಾಕ್ಷಿಗೆ ಅವನೊಬ್ಬನ ಹೆಸರು ಕೊಟ್ಟಿದ್ದರು. ಆದರೆ ಮಡಿಯ ಮನೆಯ ಹುಡುಗ ಕ್ರೈಸ್ತರ ಮನೆಯಲ್ಲಿ ತಿಂದದ್ದು ಅಪ್ಪನಿಗೆ ಗೊತ್ತಿರಲಿಲ್ಲ. ವಿಚಾರಣೆಯ ದಿನ ಅಪ್ಪ ಪಕ್ಕದಲ್ಲೇ ಕೂತಿದ್ದರು.

"ಇವ್ರ ಮನೆಗೆ ಹೋಗ್ತಿದ್ಯೇನಪ್ಪಾ?" ಎಂದರು ಶಾಲೆಯ ಕಮಿಟಿಯವರು. ಇಲ್ಲ ಎಂದ. "ಪಾಠಕ್ಕೂ ಹೋಗಿಲ್ವಾ?" ಇಲ್ಲ. "ಅಲ್ಲಿ ಏನಾದ್ರೂ ತಿಂದಿದೀಯಾ?" ಇಲ್ಲ. ಅಷ್ಟಕ್ಕೆ ಮೇಷ್ಟ್ರು ಎಲ್ಲರೆದುರು ಸುಳ್ಳುಗಾರರಾದರು, ಕೆಲಸವೂ ಹೋಯಿತು.

ಪ್ರಮೀಳಾ ಡೈರಿಯ ಪುಟ ತೆರೆದು ಮುಂದಿಟ್ಟಳು. ಮೇಷ್ಟ್ರ ದುಂಡು ಅಕ್ಷರ: 'ವಿಚಾರಣೆ ಮುಗಿಯಿತು. ವಾದಿರಾಜ ಬಂದಿದ್ದ. ಪಾಪ, ಮಗುವಿಗೆ ಗಂಟಲು ಕಟ್ಟಿತ್ತು. ಮಾತಾಡಲು ಆಗಲಿಲ್ಲ.'

ಅವನು ಎರಡು ಸಲ ಓದಿದ. ಅದೇ ದಿನ ಬರೆದದ್ದು, ಕಣ್ಣಾರೆ ಕಂಡವರು ಬರೆದದ್ದು, ಅವರದೇ ಕೈಬರಹ. ಇಂಥ ದಾಖಲೆಗಾಗಿ ಇತಿಹಾಸದವರು ಜೀವಮಾನವಿಡೀ ಹುಡುಕುತ್ತಾರೆ. ಇದು ಸುಳ್ಳು ಎನ್ನಬಲ್ಲವನು ಭೂಮಿಯ ಮೇಲೆ ಈಗ ಅವನೊಬ್ಬನೇ, ಸುಮ್ಮನಿದ್ದರೆ ಮುಗಿದುಹೋಗುತ್ತದೆ. ಮೇಷ್ಟ್ರು ಬೈದು ಬರೆದಿದ್ದರೆ ಎಷ್ಟೋ ವಾಸಿಯಿತ್ತು.

"ಇದನ್ನೂ ಸೇರಿಸ್ಕೊಳ್ಳಿ ಸಾರ್," ಎಂದಳು ಪ್ರಮೀಳಾ. "ಹುಷಾರಿಲ್ದಿದ್ರೂ ಅಪ್ಪನಿಗೋಸ್ಕರ ಬಂದಿದ್ರಲ್ಲ ನೀವು. ನಮ್ಮಮ್ಮ ಸಾಯೋವರ್ಗೂ ಅದನ್ನ ನೆನೆಸ್ಕೊಳ್ಳೋರು."

ವಾದಿರಾಜ ಪೆನ್ನು ತೆಗೆದು ಕರಡಿನ ಆ ಒಂದು ಸಾಲನ್ನು ಹೊಡೆದುಹಾಕಿದ.

"ನನ್ನ ಗಂಟಲು ಚೆನ್ನಾಗೇ ಇತ್ತು ಕಣಮ್ಮಾ," ಎಂದ. "ಮಾತೂ ಆಡ್ದೆ."

ಏನು ಮಾತು ಎಂದು ಅವಳು ಕೇಳಿದಳು. ಅವನು ಆ ಮೂರು 'ಇಲ್ಲ'ಗಳನ್ನೂ ಹೇಳಿದ.

ಪ್ರಮೀಳಾ ಡೈರಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡು, ಮುಚ್ಚದೆ, ಅಪ್ಪನ ಆ ಸಾಲಿನ ಮೇಲೆ ಅಂಗೈ ಇಟ್ಟು ಕೂತಳು.