ಪಂಕ್ತಿಯಲ್ಲಿ ಲೊಂಬ್ರೀಗ

ಇಪ್ಪತ್ತೆರಡು ವರ್ಷ ರಾಯಚೂರಿನಲ್ಲಿ ಸಂಸಾರ ಮಾಡಿದ ಮಹತಿಗೆ, ಹುಡುಗಿಯಾಗಿದ್ದಾಗ ಮಡಗಾಂವದ ಶಾಲೆಯಲ್ಲಿ ಕಲಿತ ಪೋರ್ಚುಗೀಸ್ ಮೊದಲ ಸಲ ಕೆಲಸಕ್ಕೆ ಬಂದಿತ್ತು. ಮಕ್ಕಳಿಗೆ ಭಾಷೆ ಕಲಿಸುವ ಆ್ಯಪ್‌ನವರು ಪರೀಕ್ಷೆಗೆಂದು ಮೂವತ್ತು ಇಂಗ್ಲಿಷ್ ಪದ ಕಳಿಸಿದ್ದರು. ಹೇನು, ಸಿಂಬಳ, ಕಜ್ಜಿ, ಜಂತುಹುಳ, ಎಲ್ಲ ಮುಖ ಸಿಂಡರಿಸುವಂಥವೇ. ಅವನ್ನು ಪೋರ್ಚುಗೀಸಿನಲ್ಲಿ ಹೇಳಿ, ರೆಕಾರ್ಡ್ ಮಾಡಿ, ಮಧ್ಯಾಹ್ನ ಒಂದರೊಳಗೆ ಕಳಿಸಬೇಕು. ಒಪ್ಪಿಗೆಯಾದರೆ ಕೆಲಸ ಅವಳದು, ಅವಳ ಹೆಸರಿನಲ್ಲೇ.

ಹನ್ನೆರಡಕ್ಕೆ ದೇವದುರ್ಗದಿಂದ ಮಾವನ ತಮ್ಮ ಪ್ರಹ್ಲಾದ ಕಾಕಾ ನಾಲ್ವರನ್ನು ಕಟ್ಟಿಕೊಂಡು ಊಟಕ್ಕೆ ಬಂದರು. ಎಲೆಯ ಮುಂದೆ ಹೊಲಸು ಮಾತು ಕಿವಿಗೆ ಬಿದ್ದರೆ ಊಟ ಬಿಟ್ಟು ಏಳುವ ಮನುಷ್ಯ. ಹೋದ ವರ್ಷ ಮಾನ್ವಿಯ ಬೀಗರ ಮನೆಯಲ್ಲಿ ಯಾರೋ ‘ನೆಗಡಿ’ ಎಂದದ್ದಕ್ಕೇ ಹೋಳಿಗೆ ಬಿಟ್ಟು ಕೈ ತೊಳೆದಿದ್ದರು.

ಮಹತಿ ಅನ್ನ ಬಡಿಸಿ, ತುಪ್ಪದ ಗಿಂಡಿಯನ್ನು ಅತ್ತೆ ಸರಸ್ವತಿಬಾಯಿಯ ಕೈಗಿಟ್ಟು ಉಗ್ರಾಣ ಹೊಕ್ಕಳು. ಪೋರ್ಚುಗೀಸ್ ಯಾರಿಗೆ ತಿಳಿಯುತ್ತದೆ?

“ಪಿಯೋಲ್ಯು... ರಾನ್ಯು... ಸಾರ್ನ...”

ಶಾಲೆಯಲ್ಲಿ ಕಲಿಸಿದ ಹಾಗೆಯೇ, ಎಳೆದು, ರಾಗವಾಗಿ.

ಕಾಕಾ ತುತ್ತು ನಿಲ್ಲಿಸಿದರು. “ಒಳಗ ಏನ ಅನ್ಲಿಕತ್ತಾಳ ವೈನೀ?”

“ಏನೋ ಪಾಠ ಅಂತ,” ಎಂದರು ಸರಸ್ವತಿಬಾಯಿ. “ಗೋವಾದ ಕಡೀದು.”

“ಪಂಕ್ತಿ ಕೂತಾಗ ಬಾಗಲಾ ಹಿಂದ ಯಾಕ? ಮಹತೀ, ಇಲ್ಲಿ ಬಂದು ಹೇಳವಾ.”

ಅರ್ಥ ಹೇಳಿದರೆ ಐವರೂ ಎಲೆ ಬಿಟ್ಟು ಏಳುತ್ತಾರೆ. ಹೇಳದೆ ನಿಂತರೆ ಗಡಿಯಾರ ನಿಲ್ಲುವುದಿಲ್ಲ. ಮಹತಿ ಮೊಬೈಲ್ ಹಿಡಿದೇ ಹೊರಗೆ ಬಂದು ಕಣ್ಣು ಮುಚ್ಚಿದಳು.

“ಲೊಂಬ್ರೀಗ.”

“ಗೋ...ವಿಂದ,” ಎಂದರು ಐವರೂ. ಪಂಕ್ತಿಯಲ್ಲಿ ಒಬ್ಬರು ಶ್ಲೋಕ ಹೇಳಿದರೆ ಉಳಿದವರು ಹಾಗೆನ್ನುವುದು ರೂಢಿ.

“ಪೆರ್ಸೆವೇಜು.”

“ಗೋ...ವಿಂದ.”

ಜಂತುಹುಳಕ್ಕೆ, ತಿಗಣೆಗೆ ಇಷ್ಟು ಮರ್ಯಾದೆ ಎಲ್ಲಿಯೂ ಸಿಕ್ಕಿರಲಿಕ್ಕಿಲ್ಲ. ಮೂವತ್ತೂ ಮುಗಿಯುವುದರೊಳಗೆ ಕಾಕಾ ಎರಡು ಸಲ ಸಾರು ಹಾಕಿಸಿಕೊಂಡರು.

ಒಂದಕ್ಕೆ ಎರಡೇ ನಿಮಿಷವಿತ್ತು. ಇದ್ದದ್ದನ್ನೇ ಕಳಿಸಿದಳು. ತನ್ನದೆನ್ನುವ ಒಂದು ಕೆಲಸದಲ್ಲೂ ಐದು ಗಂಡಸರ ದನಿ ಸೇರಿತಲ್ಲ ಎಂದು, ಎಂಜಲೆಲೆ ಎತ್ತುವಾಗ ಅವಳಿಗೆ ಅಳುವೇ ಬಂತು.

ಸಂಜೆ ಉತ್ತರ ಬಂತು. ಅನುವಾದ ಸರಿಯಿದೆ, ಉಚ್ಚಾರಣೆ ಸೊಗಸಾಗಿದೆ, ಕೆಲಸ ನಿಮ್ಮದು. ಹಿಂದೆ ಕೂಗುವವರನ್ನು ಮಾತ್ರ ಮುಂದಿನ ಸಲ ದಯವಿಟ್ಟು ದೂರವಿಡಿ.

ಮಹತಿ ಅದನ್ನು ಮೂರು ಸಲ ಓದಿದಳು. ಸರಸ್ವತಿಬಾಯಿ ಹತ್ತಿರ ಬಂದು ಕುಳಿತರು.

“ಆ ಲೊಂಬ್ರೀಗ ಅಂದ್ರೇನು?”

ಮಹತಿ ಹೇಳಿದಳು. ಉಳಿದವನ್ನೂ ಹೇಳಿದಳು. ಅತ್ತೆ ಸೆರಗನ್ನು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆಮೇಲೆ ದನಿ ತಗ್ಗಿಸಿದರು.

“ಈ ಮೂವತ್ತರಾಗ ಪ್ರಹ್ಲಾದಗ ಯಾವದು ಛಲೋ ಒಪ್ಪತದ?”

ಇಬ್ಬರೂ ತಲೆಗೆ ತಲೆ ಹಚ್ಚಿ, ಪಟ್ಟಿಯನ್ನು ಮೊದಲಿನಿಂದ ಓದತೊಡಗಿದರು.