ಬಿಸಿಲಿಗೆ ಬಿಚ್ಚಿದ ರೋಲು

ಕೂಡ್ಲಿಗಿ ಠಾಣೆಯ ಪೇದೆ ಹೊನ್ನೂರಸ್ವಾಮಿಗೆ ಫೋಟೋಗ್ರಾಫರ್ ಗಂಗಪ್ಪನನ್ನು ಕಂಡರೆ ಆಗುತ್ತಿರಲಿಲ್ಲ. ಗಂಗಪ್ಪ ಅವನ ಹೆಂಡತಿ ಮಂಜಮ್ಮನ ಸೋದರಮಾವನ ಮಗ. ಪದ್ಧತಿಯಂತೆ ಅವಳು ಅವನಿಗೇ ಆಗಬೇಕಿತ್ತು. ಸರ್ಕಾರಿ ನೌಕರಿ ನೋಡಿ ಅವಳಪ್ಪ ಹೊನ್ನೂರಸ್ವಾಮಿಗೆ ಕೊಟ್ಟಿದ್ದ. ಎಂಟು ವರ್ಷವಾದರೂ ಅವಳು ಗಂಗಪ್ಪನನ್ನು ‘ಮಾವ’ ಎಂದರೆ ಇವನಿಗೆ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಕಳುವಿನ ಮಾಲು ಸಿಕ್ಕಾಗ ಪೊಲೀಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಗಂಗಪ್ಪ ತೆಗೆದ ಫೋಟೋ ಪೇಪರಿನಲ್ಲಿ ಬಂದರೆ, ಅಂಚಿನಲ್ಲಿ ಇವನ ಅರ್ಧ ಮೈ ಮಾತ್ರ. ಬೇಕೆಂದೇ ಕತ್ತರಿಸುತ್ತಾನೆ ಎಂದು ಇವನ ಗುಮಾನಿ.

“ಬೆಲ್ಟ್ ಚಲೋ ಬಂದೈತಿ ನೋಡ್ರಿ,” ಎಂದು ಮಂಜಮ್ಮ ನಗುತ್ತಿದ್ದಳು.

ತೊಂಬತ್ತೇಳರ ಬೇಸಿಗೆ. ಸಮನ್ಸ್ ಕೊಡಲು ಬೆಳಿಗ್ಗೆಯೇ ಇಟ್ಟಿಗಿ ಊರಿಗೆ ಹೋಗಿದ್ದ ಹೊನ್ನೂರಸ್ವಾಮಿ ಮಧ್ಯಾಹ್ನ ಮರಳಿದಾಗ, ಕರೆಂಟು ಕೊಡಿ ಎಂದು ಜನ ಹೈವೇಯಲ್ಲಿ ಕುಳಿತಿದ್ದರು. ಲಾಠಿ ಎದ್ದವು. ಗಂಗಪ್ಪ ಸೇತುವೆಯ ಕಟ್ಟೆ ಹತ್ತಿ ಒಂದೇ ಸಮನೆ ಕ್ಲಿಕ್ಕಿಸತೊಡಗಿದ. ಅವನನ್ನು ಆಚೆ ಕಳಿಸಿರೆಂದು ಎಸ್ಸೈ ಸಾಹೇಬರು ಹೇಳಿದ್ದು ಅಷ್ಟೇ. ಹೊನ್ನೂರಸ್ವಾಮಿ ಅವನ ಕೊರಳಿನಿಂದ ಕ್ಯಾಮೆರಾ ಕಿತ್ತುಕೊಂಡ.

“ಸ್ವಾಮಿ, ತಡಿ, ಆ ರೋಲಿನಾಗ...”

ಮಾತು ಮುಗಿಸಲು ಬಿಡಲಿಲ್ಲ. ಹಿಂದಿನ ಮುಚ್ಚಳ ತೆರೆದು ರೋಲನ್ನೆಲ್ಲ ಉರಿಬಿಸಿಲಿಗೆ ಎಳೆದು ಬಿಸಾಕಿದ. ಎಂಟು ವರ್ಷದ ಮೇಲೆ ಅವನ ಎದೆ ತಣ್ಣಗಾಯಿತು.

ಆ ತಂಪು ಸಂಜೆಯವರೆಗೂ ಉಳಿಯಲಿಲ್ಲ. ಠಾಣೆಯಲ್ಲಿ ಕ್ಯಾಮೆರಾ ಇರಲಿಲ್ಲ. ಏನೇ ನಡೆದರೂ ಪಂಚನಾಮೆಗೆ ಫೋಟೋ ತೆಗೆಯಲು ಗಂಗಪ್ಪನನ್ನೇ ಕರೆಸುತ್ತಿದ್ದರು. ಅಂದು ಬೆಳಿಗ್ಗೆ ಲಾರಿ ಹಾಯ್ದು ಸತ್ತ ಮುದುಕನ ಫೋಟೋಗಳೂ ಅದೇ ರೋಲಿನಲ್ಲಿದ್ದವಂತೆ. ಹೆಣ ಮಣ್ಣಾಗಿತ್ತು. ಮತ್ತೆ ತೆಗೆಯುವಂತಿರಲಿಲ್ಲ. ರೋಲು ಕಿತ್ತದ್ದನ್ನು ಲಾಠಿಯ ಗದ್ದಲದಲ್ಲಿ ಯಾರೂ ಗಮನಿಸಿರಲಿಲ್ಲ; ಗೊತ್ತಾದರೆ ನೌಕರಿಗೆ ಸಂಚಕಾರ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದ. ರೊಟ್ಟಿ ತಟ್ಟುತ್ತಿದ್ದ ಅವಳ ಕೈ ನಿಂತಿತು.

“ಮಾವಗ ನಾ ಹೇಳ್ತೀನಿ. ಕ್ಯಾಮೆರಾ ಕೆಟ್ಟಿತ್ತು ಅಂತಾನ. ನನ್ನ ಮಾತು ತೆಗದುಹಾಕಂಗಿಲ್ಲ ಅಂವ.”

ಹೊನ್ನೂರಸ್ವಾಮಿ ಉಣ್ಣದೆ ಎದ್ದ. ಗಂಗಪ್ಪನ ಬಳಿ ಹೋಗಕೂಡದೆಂದು ಅವಳಿಗೆ ಹೇಳಿ ನೇರ ಠಾಣೆಗೆ ನಡೆದ.

ಗಂಗಪ್ಪ ಆಗಲೇ ಅಲ್ಲಿ ಬೆಂಚಿನ ಮೇಲೆ ಕುಳಿತಿದ್ದ. ಕ್ಯಾಮೆರಾದೊಳಗೆ ಬೆಳಕು ಹೊಕ್ಕು ಫಿಲ್ಮು ಕೆಟ್ಟಿತೆಂದು ಅವನು ಬರೆದುಕೊಟ್ಟಿರುವುದಾಗಿ ಎಸ್ಸೈ ಹೇಳಿದರು. ಸುಮ್ಮನೆ ಸೆಲ್ಯೂಟ್ ಹೊಡೆದು ಹೊರಬಿದ್ದಿದ್ದರೆ ಮುಗಿದಿತ್ತು. ಈ ಗಂಗಪ್ಪ ಯಾರ ಮುಖ ನೋಡಿ ಬರೆದುಕೊಟ್ಟ? ಇನ್ನು ಮೇಲೆ ತಾನು ಉಣ್ಣುವ ಪ್ರತಿ ರೊಟ್ಟಿಯೂ ಇವನು ಉಳಿಸಿಕೊಟ್ಟದ್ದಾಗುತ್ತದಲ್ಲ?

“ಸುಳ್ಳ್ರೀ ಸರ್,” ಎಂದ. “ರೋಲು ಕಿತ್ತಾಂವ ನಾನು.”

ಸಾಹೇಬರು ಅವನನ್ನೇ ನೋಡಿದರು. ರೋಲು ಕೀಳೆಂದು ತಾವು ಹೇಳಿದ್ದುಂಟೇ ಎಂದು ಕೇಳಿದರು. ಇಲ್ಲವೆಂದ. ಅವನದೇ ಕೈಯಲ್ಲಿ ಹೇಳಿಕೆ ಬರೆಸಿಕೊಂಡು, ಅಮಾನತಿಗೆ ಮೇಲಿನವರಿಗೆ ಕಳಿಸುತ್ತೇನೆಂದರು.

ಹೊರಗೆ ಗಂಗಪ್ಪ ತಲೆ ಕೆರೆದುಕೊಂಡ. “ಹುಚ್ಚದೀಯೇನಲೇ? ನಾಳೆ ಸ್ಟೇಷನ್ನಿನವ್ರು ನನ್ನ ಕರೀಬೇಕಲ್ಲ, ಅದಕ್ಕ ಬರದೆ. ನಿನ್ನ ಹೆಸರು ಹೇಳಿ ಪೊಲೀಸರನ್ನ ಎದುರು ಹಾಕ್ಕೊಳ್ಳಲೇನು?”

ಹೊನ್ನೂರಸ್ವಾಮಿ ನಂಬಲಿಲ್ಲ. ಮನೆಯಲ್ಲಿ ಅದನ್ನೂ ಬಿಡದೆ ಹೇಳಿದ. ಮಂಜಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

“ಇಷ್ಟು ಹೊಟ್ಟೆಕಿಚ್ಚು ಇಟ್ಕೊಂಡು ಎಂಟು ವರ್ಷ ಹೆಂಗ ಉಂಡ್ರಿ?” ಎಂದಳು.

ಅವಳು ಒಲೆ ಹೊತ್ತಿಸಿ, ಅವನ ಪಾಲಿನ ರೊಟ್ಟಿ ತಟ್ಟಲು ಕುಳಿತಳು.