ಮೂರು ವರ್ಷದ ಗೊಬ್ಬರ

"ನಿಮ್ಮಪ್ಪ ಬರ್ಕೊಟ್ಟಿದ್ನೇನೋ ಆ ತಾಕನ್ನ, ಬೇವರ್ಸಿ?"

ಯುಗಾದಿಯ ಬೆಳಗ್ಗೆ ಪಂಚಾಕ್ಷರಯ್ಯನವರು ಜಗಲಿಯ ಮೇಲೆ ನಿಂತು ಪಿಳ್ಳಣ್ಣನಿಗೆ ಉಗಿಯುತ್ತಿದ್ದರು. ನಾವು ಎಂಟು ಮನೆಯ ಗೇಣಿಯವರು ಚಾಮರಾಜಪೇಟೆಯ ಆ ಮನೆಯ ಮುಂದೆ, ಬೀದಿಯಲ್ಲಿ, ತಲೆ ತಗ್ಗಿಸಿ ನಿಂತಿದ್ದೆವು.

ಕೆಂಪಾಂಬುಧಿ ಕೆರೆಯ ಕೆಳಗೆ ಅವರಿಗೆ ಎಂಟು ತಾಕು ಜಮೀನಿತ್ತು. ಪ್ರತಿ ಯುಗಾದಿಗೆ ನಮ್ಮನ್ನು ಕರೆಸಿ, ಅಂಗೈಗೆ ಬೇವು ಬೆಲ್ಲ ಹಾಕಿ, ಈ ವರ್ಷ ಯಾರಿಗೆ ಯಾವ ತಾಕು ಅಂತ ಹೇಳುವುದು ಅವರ ಪದ್ಧತಿ. ಹೋದ ವರ್ಷ ಉತ್ತದ್ದು ಈ ವರ್ಷ ಸಿಗುತ್ತಿರಲಿಲ್ಲ. ಮಹಾರಾಜರ ಕಾಲ ಹೋಗಿ ವೋಟು ಬಂದ ಹೊಸತು ಅದು. ಮೂರು ವರ್ಷ ಒಂದೇ ನೆಲ ಉತ್ತವನನ್ನು ಎಬ್ಬಿಸುವ ಹಾಗಿಲ್ಲ ಅಂತ ಕಾನೂನು ಬಂದಿತ್ತು. ನಮ್ಮನ್ನು ಬೇರು ಬಿಡಗೊಡದೆ ಆಡಿಸುತ್ತಿದ್ದುದು ಅದಕ್ಕೇ. ಬರುವ ವರ್ಷ ಇನ್ನೊಬ್ಬನ ಪಾಲಾಗುವ ನೆಲಕ್ಕೆ ಯಾವ ಮುಠ್ಠಾಳ ಗೊಬ್ಬರ ಹೊರುತ್ತಾನೆ? ನಾವು ಹೊರಲಿಲ್ಲ. ಇದ್ದ ಸಾರವನ್ನು ಹೀರಿ ಬಿಟ್ಟೆವು. ಬೆಳೆ ಸೊರಗಿದರೆ ಯಜಮಾನರು "ಸೋಮಾರಿ ಮುಂಡೇವು" ಅಂತ ನಮ್ಮನ್ನೇ ಬೈಯುತ್ತಿದ್ದರು.

ಪಿಳ್ಳಣ್ಣನ ತಾಕು ಚೌಳು. ಬಿಳಿ ಉಪ್ಪೆದ್ದ ನೆಲ ಯಾರಿಗೂ ಬೇಡವಾಗಿತ್ತು, ಹಾಗಾಗಿ ಮೂರು ವರ್ಷ ಅವನನ್ನು ಬದಲಿಸುವುದನ್ನೇ ಮರೆತಿದ್ದರು. ಅವನೂ ಹೆಂಡತಿ ಅಣ್ಣಮ್ಮನೂ ಜಟಕಾ ಲಾಯಗಳಿಂದ ಕುದುರೆ ಲದ್ದಿ, ಬೇಸಿಗೆಯಲ್ಲಿ ಕೆರೆಯ ಗೋಡುಮಣ್ಣು, ತಲೆಯ ಮೇಲೆ ಹೊತ್ತೂ ಹೊತ್ತೂ ಅದಕ್ಕೆ ಸುರಿದರು. ಅಣ್ಣಮ್ಮನ ನೆತ್ತಿಯ ಕೂದಲೇ ಸವೆದುಹೋಗಿತ್ತು. ನಾವು ನೋಡಿ ನಗುತ್ತಿದ್ದೆವು. ಮೂರನೆಯ ವರ್ಷ ಅಲ್ಲಿ ನವಿಲುಕೋಸು ತೆಂಗಿನಕಾಯಿ ಗಾತ್ರ ಬಂದಾಗ ನಗು ನಿಂತಿತು. ಯಜಮಾನರ ಕಣ್ಣೂ ಬಿತ್ತು.

"ಬಿಡಾಕಿಲ್ಲ ಬುದ್ದಿ," ಅಂದ ಪಿಳ್ಳಣ್ಣ, ಆ ಬೆಳಗ್ಗೆ ಜಗಲಿಯ ಕೆಳಗೆ ನಿಂತು. "ಕಾನೂನೈತಂತೆ. ಕಚೇರೀಗೆ ಅರ್ಜಿ ಕೊಟ್ಟಿವ್ನಿ."

ಯಜಮಾನರು ಕೈಯಲ್ಲಿದ್ದ ಕೋಲಿನಿಂದ ಅವನ ಅಂಗೈಗೆ ತಟ್ಟಿದರು. ಬೇವು ಬೆಲ್ಲ ಬೀದಿಗೆ ಬಿತ್ತು.

ಎರಡು ದಿನ ಬಿಟ್ಟು ನನ್ನೊಬ್ಬಳನ್ನೇ ಕರೆಸಿದರು.

"ಅಕ್ಕಯ್ಯಮ್ಮ, ಗಂಡ ಸತ್ತೋಳು ನೀನು. ಆ ತಾಕು ನಿಂಗೇ ಕೊಡ್ತೀನಿ. ಹೋದ ವರ್ಷ ಅದನ್ನ ಉತ್ತಿದ್ದು ನಾನೇ ಅಂತ ಅಮಲ್ದಾರರ ಮುಂದೆ ಪ್ರಮಾಣ ಮಾಡಿ ಹೇಳ್ಬಿಡು. ಒಂದು ವರ್ಷ ಅನ್ನು, ಸಾಕು."

ಮನೆಯಲ್ಲಿ ಎರಡು ಹೆಣ್ಣುಮಕ್ಕಳಿದ್ದವು ಅಂತ ನಾನು ಹೇಳಬಹುದು. ಪಿಳ್ಳಣ್ಣನ ಮನೆಯಲ್ಲೂ ಮಕ್ಕಳಿದ್ದವು. ನನಗೆ ಆ ನೆಲ ಬೇಕಿತ್ತು, ನಿಜ ಅಷ್ಟೇ.

ಅಮಲ್ದಾರರು ವಿಚಾರಣೆಗೆ ತಾಕಿಗೇ ಬಂದರು. ಯಜಮಾನರು ಹೇಳಿಕೊಟ್ಟ ಮಾತನ್ನೇ ನಾನು ಹೇಳಿದೆ. ಅವರು ಒಂದು ಹೆಂಟೆ ಎತ್ತಿ ಪುಡಿ ಮಾಡಿ ನೋಡಿದರು.

"ದಾಖಲೇಲಿ ಚೌಳು ಅಂತಿದೆ. ಏನಮ್ಮ ಹಾಕ್ದೆ ಇದಕ್ಕೆ?"

"ಲದ್ದಿ ಬುದ್ದಿ. ಕೆರೆ ಗೋಡು."

"ಒಂದೇ ವರ್ಷಕ್ಕೆ ಹೀಗಾಯ್ತಾ?"

ಚೌಳು ಒಂದು ವರ್ಷಕ್ಕೆ ಕಳೆಯುತ್ತದೆ ಅನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ಸಲೀಸಾಗಿ ಹೇಳಿದವಳು ಮಣ್ಣಿನ ವಿಷಯದಲ್ಲಿ ತೊದಲಿದೆ.

"ಮೂರ್ ವರ್ಸ ಹೊತ್ತಿವ್ನಿ ಬುದ್ದಿ," ಅಂದುಬಿಟ್ಟೆ.

ಯಜಮಾನರು ಕೆಮ್ಮಿದರು. ಗುಮಾಸ್ತ ಬರೆದುಕೊಂಡ. ಉಳಿದ ಆರು ಮನೆಯವರು ಹೌದೆಂದು ತಲೆಯಾಡಿಸಿದರು. ಪಿಳ್ಳಣ್ಣ ನನ್ನನ್ನೇ ನೋಡುತ್ತ ನಿಂತಿದ್ದ.

"ಯಾವ ಬುಟ್ಟೀಲೇ ಹೊತ್ತೆ, ರಂಡೆ?" ಅಂದಳು ಅಣ್ಣಮ್ಮ. ಜವಾನ ಅವಳನ್ನು ಆಚೆಗೆ ತಳ್ಳಿದ.

ಪಿಳ್ಳಣ್ಣನ ಅರ್ಜಿ ಬಿದ್ದುಹೋಯಿತು, ತಾಕು ನನ್ನ ಕೈಗೆ ಬಂತು. ಆ ವರ್ಷ ಬೆಳೆ ನನಗೆ ನಾಚಿಕೆಯಾಗುವಷ್ಟು ಬಂತು. ಮಾರ್ಕೆಟ್ಟಿನಲ್ಲಿ ಗಾಡಿಯಿಂದ ನನ್ನ ಕುಕ್ಕೆ ಇಳಿಸಲು ಬಂದ ಕೂಲಿಯವನ ಮುಖ ನೋಡಿದರೆ ಪಿಳ್ಳಣ್ಣ. ತಾನು ಸಾಕಿದ ನೆಲದ ಕೋಸನ್ನು ತಲೆಯ ಮೇಲೆ ಹೊತ್ತು ನನ್ನ ಹಿಂದೆ ಬಂದ. ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ನೀರು ಕಮ್ಮಿ ಕಟ್ಟು ಅಕ್ಕಯ್ಯ," ಅಂದ. "ಜಾಸ್ತಿ ಆದ್ರೆ ಉಪ್ಪು ಮ್ಯಾಕ್ ಬತ್ತದೆ."

ಆವತ್ತಿನಿಂದ ನೀರು ಕಮ್ಮಿ ಕಟ್ಟಿದೆ.

ಮುಂದಿನ ಯುಗಾದಿಗೆ ಬೇವು ಬೆಲ್ಲ ಇರಲಿಲ್ಲ. ಯಜಮಾನರಿಂದ ಜಮೀನು ಕೊಳ್ಳಲು ಮನೆ ಕಟ್ಟಿಸುವ ಸಂಘದವರು ಬಂದು ಸರಪಳಿ ಹಿಡಿದು ಅಳೆದರು. ಕೋಸಿನ ಕಡೆ ಒಬ್ಬರೂ ತಿರುಗಿ ನೋಡಲಿಲ್ಲ. ರಸ್ತೆ ಎಷ್ಟು ದೂರ, ಎಷ್ಟು ಸೈಟು ಬೀಳುತ್ತದೆ, ಇಷ್ಟೇ ಅವರ ಮಾತು. ನಾವು ಸಾರ ಹೀರಿ ಬಿಟ್ಟ ನೆಲಕ್ಕೂ ಪಿಳ್ಳಣ್ಣನ ಹೊನ್ನಿನಂಥ ಮಣ್ಣಿಗೂ ಒಂದೇ ರೇಟು. ಉಳಿದ ಆರು ಮನೆಯವರನ್ನು ಯಜಮಾನರು ಒಂದೇ ಮಾತಿನಲ್ಲಿ ಎಬ್ಬಿಸಿದರು. ನನ್ನನ್ನು ಮಾತ್ರ ಅಮಲ್ದಾರರ ಕಚೇರಿಗೆ ಕರೆದುಕೊಂಡು ಹೋದರು.

"ನೀನು ಮೂರು ವರ್ಷ ಅಂದಿದ್ದು ಕಡತದಲ್ಲಿ ಹಾಗೇ ಇದೆ," ಅಂದ ಗುಮಾಸ್ತ. "ಕಾನೂನು ಪ್ರಕಾರ ನಿನ್ನನ್ನ ಎಬ್ಬಿಸೋ ಹಾಗಿಲ್ಲ. ನೀನಾಗೇ ಬಿಟ್ಕೊಟ್ಟೆ ಅಂತ ಇದಕ್ಕೆ ಒತ್ತಮ್ಮ." ನನ್ನ ಕೈ ಹಿಡಿದು ಹೆಬ್ಬೆಟ್ಟಿಗೆ ಮಸಿ ಬಳಿದ.

ಅಂದರೆ ಒತ್ತದೆ ಸುಮ್ಮನಿದ್ದರೆ ಸಾಕು, ನನ್ನ ಸುಳ್ಳಿನಿಂದಲೇ ಆ ನೆಲ ನನಗೆ ಉಳಿಯುತ್ತಿತ್ತು. ಒಂದು ಗಳಿಗೆ ಆಸೆಯಾಯಿತು. ಇಲ್ಲ ಅನ್ನುವುದಿಲ್ಲ, ತುಂಬಾ ಆಸೆಯಾಯಿತು.

"ಬುದ್ದಿ," ಅಂದೆ ಅಮಲ್ದಾರರಿಗೆ. "ನಾ ಅವತ್ತು ಹೇಳಿದ್ದು ಸುಳ್ಳು. ಆ ಮೂರು ವರ್ಸ ಪಿಳ್ಳಣ್ಣಂದು. ಅವನ ಹೆಸ್ರು ಬರೀರಿ."

ಯಜಮಾನರ ಮುಖ ಕೆಂಪಾಯಿತು. "ಹಾದರಗಿತ್ತಿ, ಸುಳ್ಳು ಪ್ರಮಾಣ ಮಾಡಿದ್ದಕ್ಕೆ ಜೈಲಿಗೆ ಹೋಗ್ತೀಯ."

"ಹೋಯ್ತೀನಿ. ಹೇಳ್ಕೊಟ್ಟೋರು ನೀವು, ನೀವೂ ಬನ್ನಿ."

"ಆ ಕಡತ ಮುಗಿದು ಹೋಗಿದೆಯಮ್ಮ," ಅಂದರು ಅಮಲ್ದಾರರು.

"ತೆಗೀರಿ ಬುದ್ದಿ."

ಗುಮಾಸ್ತ ಅಮಲ್ದಾರರ ಮುಖ ನೋಡಿದ. ಅಮಲ್ದಾರರು ಯಜಮಾನರ ಮುಖ ನೋಡಿದರು. ಯಾರೂ ಲೇಖನಿ ಮುಟ್ಟಲಿಲ್ಲ. ನಾನು ಮಸಿಯ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಿಸಿಕೊಂಡು ಅವರ ಮೇಜಿನ ಮುಂದೆ ನೆಲದ ಮೇಲೆ ಕೂತೆ.

"ಬರಿಯೋಗಂಟ ಏಳಾಕಿಲ್ಲ," ಅಂದೆ.